ಇಟಲಿಯ ಹಳೆಯ ಡ್ರಾಯರ್ ಬೀರು: ಕಾಲ, ಊರು, ಅಸಲಿತನ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಇಟಲಿಯ ಅರೆಝೊ ಊರಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಮತ್ತು ಅದರ ಹಿಂದಿನ ದಿನ ಹಳೇ ಸಾಮಾನುಗಳ ಸಂತೆ ಕೂಡುತ್ತದೆ. 1968ರಿಂದ ನಡೆದುಬಂದಿರುವ ಸಂತೆ ಇದು. ಅಲ್ಲಿ ಎರಡು, ಮೂರು ಅಥವಾ ನಾಲ್ಕು ಡ್ರಾಯರ್ ಇರುವ, ಸೊಂಟದೆತ್ತರದ ಮರದ ಬೀರುಗಳು ಕಾಣಸಿಗುತ್ತವೆ. ಇಟಲಿಯವರು ಇದಕ್ಕೆ ಕಸ್ಸೆಟ್ಟೋನೆ ಅನ್ನುತ್ತಾರೆ, ಕೊಮೊ ಅಂತಲೂ ಕರೆಯುತ್ತಾರೆ.

ಹೆಚ್ಚಿನವರು ಮುಂಭಾಗ ನೋಡುತ್ತಾರೆ, ಮೇಲ್ಹಲಗೆ ಸವರುತ್ತಾರೆ, ರೇಟು ಕೇಳುತ್ತಾರೆ. ಅಲ್ಲೇ ಎಡವುವುದು. ಮುಂಭಾಗ ಹೇಳುವುದು ಶೈಲಿಯನ್ನು ಮಾತ್ರ. ಶೈಲಿಯನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ನಕಲು ಮಾಡಬಹುದು. 1770ರ ವಿನ್ಯಾಸವನ್ನು ನೂರು ವರ್ಷ ಬಿಟ್ಟು ಮಾಡಿದವರಿದ್ದಾರೆ, ಇನ್ನೂರು ವರ್ಷ ಬಿಟ್ಟು ಮಾಡಿದವರೂ ಇದ್ದಾರೆ. ನಿಜವಾದ ವಯಸ್ಸು ಗೊತ್ತಾಗುವುದು ಡ್ರಾಯರಿನ ಒಳಗೆ ಮತ್ತು ಬೀರುವಿನ ಬೆನ್ನಿನಲ್ಲಿ. ಹಾಗಾಗಿ ಮೊದಲು ಆ ಬೀರು ಯಾವ ಕಾಲದ್ದು ಅಂತ ಹೇಳಿಕೊಳ್ಳುತ್ತಿದೆ ನೋಡಿ. ಆಮೇಲೆ ಆ ಮಾತು ನಿಜವೇ ಅಂತ ಒಳಗೆ ಇಣುಕಿ ಪರೀಕ್ಷೆ ಮಾಡಿ.

ಕೈಯಲ್ಲಿ ಒಂದು ಟಾರ್ಚು, ಅಳತೆ ಟೇಪು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಸಣ್ಣದೊಂದು ಯುವಿ (ನೇರಳಾತೀತ ಕಿರಣದ) ಟಾರ್ಚು ಇದ್ದರೆ ಸಾಕು.

ಹಂತ 1: ಆಕಾರ ನೋಡಿ, ಕಾಲ ಊಹಿಸಿ

ಮದುವೆಯಲ್ಲಿ ಹೆಣ್ಣಿನ ಜೊತೆ ಕಳಿಸುತ್ತಿದ್ದ, ಮುಚ್ಚಳ ಮೇಲಕ್ಕೆತ್ತುವ ಉದ್ದ ಪೆಟ್ಟಿಗೆ ಕಸ್ಸೋನೆ. ಅದು ರಿನೈಸಾನ್ಸ್ ಕಾಲದ್ದು, ಅಂದರೆ 15–16ನೇ ಶತಮಾನದ್ದು. ಡ್ರಾಯರ್ ಇರುವ ಬೀರು ಅದರ ನಂತರದ ಕೂಸು. 1500ರ ದಶಕಗಳ (16ನೇ ಶತಮಾನದ) ಕೊನೆಗೆ ಶುರುವಾಗಿ 1600ರ ದಶಕಗಳಲ್ಲಿ (17ನೇ ಶತಮಾನದಲ್ಲಿ) ಬೇರೂರಿತು.

ಬರೋಕ್ ಬೀರು, ಅಂದರೆ 1600ರ ದಶಕಗಳಿಂದ ಸುಮಾರು 1720ರವರೆಗಿನದು, ನೋಡಿದ ತಕ್ಷಣ ಭಾರ ಅನ್ನಿಸುತ್ತದೆ. ದಪ್ಪ ಅಕ್ರೋಟ ಮರ, ಡ್ರಾಯರಿನ ಸುತ್ತ ಎದ್ದು ಕಾಣುವ ಪಟ್ಟಿ, ಅದಕ್ಕೆ ಬಹಳ ಸಲ ಕಪ್ಪು ಬಣ್ಣ. ಕಾಲುಗಳು ಈರುಳ್ಳಿಯ ಹಾಗೆ ಗುಂಡಗೆ, ಇಲ್ಲವೇ ಮೂಲೆಗೆ ಹಲಗೆ ಕೂರಿಸಿ ಮಾಡಿದ ಗಿಡ್ಡ ಬ್ರಾಕೆಟ್ ಕಾಲು. ಎರಡು ಮೂಲೆಗಳಲ್ಲಿ ಕೆತ್ತನೆ.

1730ರಿಂದ 1770ರವರೆಗೆ ಎಲ್ಲವೂ ಬಳುಕತೊಡಗಿತು. ಇಟಲಿಯವರು ಈ ಘಟ್ಟಕ್ಕೆ ಬರೊಕ್ಕೆಟ್ಟೊ ಅನ್ನುತ್ತಾರೆ. ವ್ಯಾಪಾರಿಗಳು ಲೂಯಿ 15 ಅಂತ ಫ್ರೆಂಚ್ ದೊರೆಯ ಹೆಸರು ಅಂಟಿಸುತ್ತಾರೆ. ಡ್ರಾಯರಿನ ಮುಖ ಅಲೆಯಂತೆ ಒಳಗೆ ಹೊರಗೆ ಬಾಗುತ್ತದೆ, ಪಕ್ಕಗಳು ಉಬ್ಬುತ್ತವೆ, ಕಾಲು ಬಾಗಿ ನಿಲ್ಲುತ್ತದೆ.

1770ರ ಹೊತ್ತಿಗೆ ಮತ್ತೆ ನೇರಗೆರೆ ಬಂತು. ಪೆಟ್ಟಿಗೆ ಚೌಕ, ಕಾಲು ಕೆಳಗೆ ಹೋಗುತ್ತಾ ಸಣ್ಣಗಾಗುತ್ತದೆ. ಮುಖದ ಮೇಲೆ ತೆಳುಗೆರೆ, ನಡುವೆ ಪದಕದಂಥ ಇನ್ಲೇ ಚಿತ್ರ, ಅಂದರೆ ಬೇರೆ ಬೇರೆ ಬಣ್ಣದ ಮರದ ತುಣುಕು ಕೂರಿಸಿ ಮಾಡಿದ ಚಿತ್ರ. ಇದು ನಿಯೋಕ್ಲಾಸಿಕಲ್, ವ್ಯಾಪಾರಿಗಳ ಬಾಯಲ್ಲಿ ಲೂಯಿ 16.

1805ರಲ್ಲಿ ನೆಪೋಲಿಯನ್ ಉತ್ತರ ಇಟಲಿಯ ಭಾಗಗಳು ಸೇರಿದ್ದ 'ಇಟಲಿ ರಾಜ್ಯ'ದ ರಾಜನಾದ. ಅವನ ಜೊತೆ ಎಂಪೈರ್ ಶೈಲಿಯೂ ಬಂತು. ಎರಡೂ ಕಡೆ ಕಂಬ, ಕಂಬದ ತುದಿಗೆ ಚಿನ್ನದ ನೀರು ಕುಡಿಸಿದ ಕಂಚು, ಮುಂದಕ್ಕೆ ಚಾಚಿದ ಮೇಲಿನ ಡ್ರಾಯರ್, ಕಡು ಬಣ್ಣದ ಮಹೋಗನಿ ಅಥವಾ ಅಕ್ರೋಟ. 1815ರ ನಂತರ ತಿಳಿ ಬಣ್ಣದ ಮರಗಳು ಸೇರಿಕೊಂಡವು. 1830ರಿಂದ 1850ರ ನಡುವಿನ ಲೂಯಿ ಫಿಲಿಪ್ (ಇದೂ ಫ್ರೆಂಚ್ ದೊರೆಯ ಹೆಸರು) ಬೀರುಗಳ ಮೂಲೆ ದುಂಡಗೆ, ಮೈ ಸಾದಾ. ಸಂತೆಗಳಲ್ಲಿ ಜಾಸ್ತಿ ಸಿಗುವುದು ಇವೇ. ದಿನನಿತ್ಯ ಬಟ್ಟೆ ಇಡಲು ಬೀರು ಬೇಕಾದವರು ಇವನ್ನೇ ನೋಡಲಿ ಅನ್ನುವುದು ನನ್ನ ಅಭಿಪ್ರಾಯ. ಗಟ್ಟಿಮುಟ್ಟು, ಸುಲಭಕ್ಕೆ ಕೆಡುವುದಿಲ್ಲ.

1800ರ ದಶಕಗಳ ಕೊನೆಗೆ, ರಾಜ ಉಂಬೆರ್ತೊ 1ರ ಕಾಲದಲ್ಲಿ, ಹಳೇ ಶೈಲಿಗಳೆಲ್ಲ ಮತ್ತೆ ಫ್ಯಾಷನ್ ಆದವು. ರಿನೈಸಾನ್ಸ್ ಥರ, ಬರೋಕ್ ಥರ ಅಂತ ಸಿಕ್ಕಾಪಟ್ಟೆ ತಯಾರಾದವು. ಅವೂ ಈಗ ನೂರು ವರ್ಷ ದಾಟಿದ ಹಳೆಯ ವಸ್ತುಗಳೇ. ಆದರೆ 1650ರದ್ದು ಅಂತ ನಂಬಿ ದುಡ್ಡು ಕೊಟ್ಟವರಿಗೆ ಅದರಿಂದ ಸಮಾಧಾನ ಆಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಈ ಇಸವಿಗಳು ದೊಡ್ಡ ಊರುಗಳಿಗೆ ಸರಿ. ಹಳ್ಳಿಗಾಡಿನ ಬಡಗಿಗೆ ಹೊಸ ಫ್ಯಾಷನ್ ಮುಟ್ಟುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತಿತ್ತು. ಬಾಗಿದ ಮುಖ ಇದೆ ಅಂದ ಮಾತ್ರಕ್ಕೆ 1750 ಅಂತ ಬರೆದಿಟ್ಟುಕೊಳ್ಳಬೇಡಿ.

ಹಂತ 2: ಯಾವ ಊರಿನದು?

ಇಟಲಿ ಒಂದು ದೇಶವಾದದ್ದು 1861ರಲ್ಲಿ. ಅದಕ್ಕೂ ಮೊದಲು ಒಂದೊಂದು ಸಂಸ್ಥಾನಕ್ಕೆ ಒಂದೊಂದು ರುಚಿ. ಹಾಗಾಗಿ 'ಇಟಾಲಿಯನ್' ಅಂತ ಮಾತ್ರ ಬರೆದ ಚೀಟಿಯಿಂದ ಏನೂ ತಿಳಿಯುವುದಿಲ್ಲ.

ವೆನಿಸ್ಸಿನದು ಬಣ್ಣದ ಬೀರು. ಅಗ್ಗದ ಮೆತ್ತನೆ ಮರದ ಮೇಲೆ ತಿಳಿ ಹಸಿರು, ಕೆನೆ, ನೀಲಿ ಬಣ್ಣ ಬಳಿದು ಹೂಬಳ್ಳಿ ಬರೆಯುತ್ತಿದ್ದರು. ಅಷ್ಟು ಖರ್ಚು ಮಾಡಲಾಗದವರಿಗೆ ಲಕ್ಕಾ ಪೋವೆರಾ ಇತ್ತು. ಅಚ್ಚಾದ ಚಿತ್ರಗಳನ್ನು ಕತ್ತರಿಸಿ, ಬಣ್ಣ ತುಂಬಿ, ಬೀರಿಗೆ ಅಂಟಿಸಿ, ಮೇಲೆ ಪದರ ಪದರವಾಗಿ ವಾರ್ನಿಷ್ ಹೊಡೆಯುವುದು. ಬಸ್ಸಾನೊ ಊರಿನ ರೆಮೊಂದೀನಿ ಮುದ್ರಣಾಲಯ ಇದಕ್ಕೆಂದೇ ಹಾಳೆಗಳನ್ನು ಅಚ್ಚು ಹಾಕುತ್ತಿತ್ತು. ಭೂತಗನ್ನಡಿ ಹಿಡಿದು ಚಿತ್ರದ ಅಂಚು ನೋಡಿ. ವಾರ್ನಿಷ್ ಸವೆದ ಕಡೆ ಕಾಗದದ ಅಂಚು ಕೂದಲೆಳೆಯಷ್ಟು ಎದ್ದಿರುತ್ತದೆ. ಬಣ್ಣದ ಅಡಿಯಲ್ಲಿ ಅಚ್ಚಿನ ಸಣ್ಣ ಗೀರುಗಳು ಕಾಣುತ್ತವೆ. ಬಡವರ ಕೆಲಸ ಅಂತ ಶುರುವಾದ ಇದಕ್ಕೆ ಈಗ ಸಂಗ್ರಹಕಾರರು ಮುಗಿಬೀಳುತ್ತಾರೆ.

ಜಿನೋವಾದ ಬೀರನ್ನು ಗುರುತಿಸುವುದು ಸುಲಭ. ಸಾಮಾನ್ಯವಾಗಿ ಎರಡೇ ಡ್ರಾಯರ್, ಎರಡರ ನಡುವೆ ಅಡ್ಡಪಟ್ಟಿ ಕಾಣುವುದಿಲ್ಲ. ಎತ್ತರದ ಬಾಗಿದ ಕಾಲು, ಮೇಲೆ ಅಮೃತಶಿಲೆ. ಮುಖದ ಮೇಲೆ ರೋಸ್‌ವುಡ್ ಜಾತಿಯ ವೆನೀರನ್ನು (ಮೈಗೆ ಅಂಟಿಸುವ ತೆಳು ಮರದ ಹಾಳೆ) ನಾಲ್ಕು ಎಸಳಿನ ಹೂವಿನ ಹಾಗೆ ಜೋಡಿಸಿರುತ್ತಾರೆ.

ಟ್ಯೂರಿನ್‌ನಲ್ಲಿ ಸವೋಯ್ ರಾಜಮನೆತನದ ಆಸ್ಥಾನ ಇತ್ತು. ಅಲ್ಲಿನ ಪಿಯೆತ್ರೊ ಪಿಫೆಟ್ಟಿ (1701–1777) ದಂತ, ಮುತ್ತಿನ ಚಿಪ್ಪು, ಅಪರೂಪದ ಮರ ಎಲ್ಲ ಸೇರಿಸಿ ಕಣ್ಣು ಕೋರೈಸುವ ಕೆಲಸ ಮಾಡಿದ. ಅವನ ಕೈಕೆಲಸ ಸಂತೆಯಲ್ಲಿ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಲೊಂಬಾರ್ದಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಿಲಾನ್ ಹತ್ತಿರದ ಪರಾಬಿಯಾಗೊ ಊರಿನ ಬಡಗಿ ಜುಸೆಪ್ಪೆ ಮಜ್ಜೊಲೀನಿ (1738–1814). ಚಿತ್ರಕಾರ ಲೆವಾತಿಯ ಕಣ್ಣಿಗೆ ಬಿದ್ದು, ಮಿಲಾನ್ ಆಳುತ್ತಿದ್ದ ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಫರ್ಡಿನೆಂಡನ ಆಸ್ಥಾನದವರೆಗೂ ಹೋದ. ಅವನ ಬೀರಿನ ಆಕಾರ ತೀರಾ ಸರಳ, ನೇರ ಪೆಟ್ಟಿಗೆ. ಬೆರಗು ಇರುವುದು ಮೇಲ್ಮೈಯಲ್ಲಿ. ಹತ್ತಾರು ಬಗೆಯ ಮರಗಳ, ಹೆಚ್ಚಾಗಿ ಅವುಗಳ ಸಹಜ ಬಣ್ಣಗಳಿಂದಲೇ, ಹೂಮಾಲೆ, ವಾದ್ಯಗಳು, ಪದಕ, ಪಾಳು ಗುಡಿಗಳ ಚಿತ್ರ ಬಿಡಿಸುತ್ತಿದ್ದ. ಚಿತ್ರಕಾರ ಅಂದ್ರೇಯಾ ಅಪ್ಪಿಯಾನಿಯೂ ಅವನಿಗೆ ವಿನ್ಯಾಸ ಬರೆದುಕೊಟ್ಟಿದ್ದಾನೆ. ಮೈಸೂರಿನ ಬೀಟೆ ಮರದ ಇನ್ಲೇ ನೋಡಿದವರಿಗೆ ಈ ಕಲೆಯ ಪರಿಚಯ ಇದ್ದೇ ಇರುತ್ತದೆ. ವ್ಯತ್ಯಾಸ ಇಷ್ಟೇ: ಮೈಸೂರಿನ ಸಾಂಪ್ರದಾಯಿಕ ಕೆಲಸದಲ್ಲಿ ಬೀಟೆಯನ್ನು ಕೆತ್ತಿ ಆ ಗುಳಿಯಲ್ಲಿ ಬೇರೆ ತುಣುಕು ಕೂರಿಸುತ್ತಾರೆ, ಮಜ್ಜೊಲೀನಿಯಲ್ಲಿ ಚಿತ್ರವೂ ಅದರ ಹಿನ್ನೆಲೆಯೂ ತೆಳು ವೆನೀರೇ, ಒಟ್ಟಾಗಿ ಪೆಟ್ಟಿಗೆಯ ಮೈಗೆ ಅಂಟಿರುತ್ತವೆ.

ಮಜ್ಜೊಲೀನಿಯ ಮಗ ಕೆಲಸ ಮುಂದುವರಿಸಿದ, ಶಿಷ್ಯರೂ ಮುಂದುವರಿಸಿದರು, ಸುತ್ತಲಿನ ಬಡಗಿಗಳು ನಕಲು ಮಾಡಿದರು. ಹೀಗಾಗಿ 'ಮಜ್ಜೊಲೀನಿ' ಅನ್ನುವ ಹೆಸರು ಇವತ್ತು ಒಂದು ಶೈಲಿಗೂ ಬಳಕೆಯಾಗುತ್ತದೆ. ಚೀಟಿಯಲ್ಲಿ ಆ ಹೆಸರು ಕಂಡರೆ ಅವನೇ ಮಾಡಿದ್ದು ಅಂತ ಅಲ್ಲ.

ಎಮಿಲಿಯಾ ಪ್ರಾಂತ್ಯದ ರೋಲೊ ಅನ್ನುವ ಸಣ್ಣ ಊರು ಕೂಡ ಇನ್ಲೇ ಕೆಲಸಕ್ಕೆ ಹೆಸರುವಾಸಿ. ಅಲ್ಲಿನದು ಸ್ವಲ್ಪ ಒರಟು, ಮನೆಮನೆಯ ಬಳಕೆಗೆ ಮಾಡಿದ ಕೆಲಸ.

ಕಣ್ಣು ಪಳಗಬೇಕು ಅಂದರೆ ಮ್ಯೂಸಿಯಮ್ಮಿಗೆ ಹೋಗಿ. ಮಿಲಾನಿನ ಸ್ಫೊರ್ಜಾ ಕೋಟೆ, ವೆನಿಸ್ಸಿನ ಕಾ ರೆಝೋನಿಕೊ, ಟ್ಯೂರಿನ್ನಿನ ಪಲಾಜೊ ಮದಾಮಾ, ಈ ಮೂರು ಸಾಕು.

ಹಂತ 3: ಎರಡು ಮರ ಹುಡುಕಿ

ಹೊರಗೆ ಕಾಣುವ ಮರ ಒಂದು, ಒಳಗಿನ ಮರ ಇನ್ನೊಂದು. ಇಟಲಿಯಲ್ಲಿ ಹೊರಗಿನದು ಬಹುಪಾಲು ಅಕ್ರೋಟ, ಜೇನಿನ ಛಾಯೆಯ ಕಂದು. ಒಳಗಿನದು ಪಾಪ್ಲರ್ ಅಥವಾ ಫರ್. ಪಾಪ್ಲರ್ ಬೆಳ್ಳಗೆ, ಹಗುರ, ಗೆರೆ ಅಷ್ಟಾಗಿ ಕಾಣದು. ಫರ್‌ನಲ್ಲಿ ಗೆರೆಗಳು ಒತ್ತೊತ್ತಾಗಿ ಎದ್ದು ಕಾಣುತ್ತವೆ. ಒಳಗೆ ಓಕ್ ಮರ ಕಂಡರೆ ಸ್ವಲ್ಪ ಅನುಮಾನ ಪಡಿ. ಬೀರು ಆಲ್ಪ್ಸ್‌ನ ಆಚೆಯದ್ದಿರಬಹುದು.

ಆಮೇಲೆ ವೆನೀರಿನ ದಪ್ಪ. ಕೈಗರಗಸದಲ್ಲಿ ಸೀಳಿದ ವೆನೀರು ಎರಡು ಮಿಲಿಮೀಟರ್ ಆಸುಪಾಸು ಇರುತ್ತದೆ, ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಯಂತ್ರದಲ್ಲಿ ಕತ್ತರಿಸಿದ್ದು ಒಂದು ಮಿಲಿಮೀಟರಿಗೂ ಕಡಿಮೆ. ಚಕ್ಕೆ ಎದ್ದ ಮೂಲೆ ಅಥವಾ ಡ್ರಾಯರಿನ ಮೇಲಂಚು ಹುಡುಕಿ ನೋಡಿ. 1700ರ ದಶಕಗಳದ್ದು ಅಂತ ಹೇಳುವ ಬೀರಿಗೆ ಕಾಗದದಷ್ಟು ತೆಳು ವೆನೀರು ಇದ್ದರೆ, ಒಂದೋ ಬೀರು ಆ ಕಾಲದ್ದಲ್ಲ, ಇಲ್ಲವೇ ಮುಖ ಬದಲಾಗಿದೆ.

ಹಂತ 4: ಡ್ರಾಯರ್ ಪೂರ್ತಿ ಹೊರಗೆ ಎಳೆಯಿರಿ

ಇಡೀ ಪರೀಕ್ಷೆಯ ಜೀವಾಳ ಇದು. ಅವಸರ ಬೇಡ. ವ್ಯಾಪಾರಿಯ ಒಪ್ಪಿಗೆ ಕೇಳಿ, ಎಳೆದು, ನೆಲದ ಮೇಲೆ ಮಗುಚಿ ಹಾಕಿ.

ಮೊದಲು ಮೂಲೆ ನೋಡಿ. ಮುಂದಿನ ಹಲಗೆಗೂ ಪಕ್ಕದ ಹಲಗೆಗೂ ಡವ್‌ಟೇಲ್ ಜಾಯಿಂಟ್ ಇರುತ್ತದೆ, ಅಂದರೆ ಪಾರಿವಾಳದ ಬಾಲದಂಥ ಹಲ್ಲುಗಳು ಒಂದರೊಳಗೊಂದು ಕೂರುವ ಜೋಡಣೆ. ಕೈಯಲ್ಲಿ ಕೊಯ್ದದ್ದಾದರೆ ಹಲ್ಲುಗಳು ದೊಡ್ಡವು, ಕಡಿಮೆ, ಒಂದು ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಆಚಾರಿ ಗುರುತಿಗೆ ಗೀಚಿದ ಗೆರೆ ಪಕ್ಕದಲ್ಲಿ ಈಗಲೂ ಕಾಣಬಹುದು. ಗರಗಸ ಒಂದೆರಡು ಕಡೆ ಆ ಗೆರೆ ದಾಟಿ ಮುಂದೆ ಹೋಗಿರುತ್ತದೆ. ಎಲ್ಲ ಹಲ್ಲೂ ಒಂದೇ ಅಳತೆಯಲ್ಲಿ ಸಾಲಾಗಿ ಕೂತಿದ್ದರೆ ಅದು ಯಂತ್ರದ ಕೆಲಸ. ಹಳ್ಳಿಯ ಬೀರುಗಳಲ್ಲಿ ಡವ್‌ಟೇಲ್ ಇಲ್ಲದೆ ಬರೀ ಮೊಳೆ ಹೊಡೆದದ್ದೂ ಉಂಟು, ಅದನ್ನು ತಪ್ಪು ಅನ್ನಬೇಡಿ.

ಈಗ ತಳದ ಹಲಗೆ. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ, ಹಲಗೆಗೆ ತಾಗಿದಂತೆ ಹಿಡಿಯಿರಿ. ಕೀಸುಳಿ ಓಡಿಸಿದ ಹಲಗೆ ಮೇಲೆ ಅಗಲವಾದ, ಆಳವಿಲ್ಲದ ತಗ್ಗುಗಳು ನೆರಳಿನಂತೆ ಏಳುತ್ತವೆ. ಕೈ ಆಡಿಸಿದರೂ ಗೊತ್ತಾಗುತ್ತದೆ. ಕೈಗರಗಸದ ಗೀರು ನೇರ, ಆದರೆ ಅಂತರ ಏರುಪೇರು. ಬಿಲ್ಲಿನಂತೆ ಬಾಗಿದ ಗೀರು ಕಂಡರೆ ಅದು ಚಕ್ರಗರಗಸದ್ದು, ಅಂದರೆ 1800ರ ದಶಕಗಳಲ್ಲೋ ಆಮೇಲೋ ಸೀಳಿದ ಹಲಗೆ. ಪ್ಲೈವುಡ್ ಇದ್ದರೆ ಆ ತಳ 20ನೇ ಶತಮಾನದ್ದು.

ಮೂರನೆಯದು ಸವೆತ. ಇನ್ನೂರು ವರ್ಷ ಎಳೆದು ತಳ್ಳಿದ ಡ್ರಾಯರಿನ ಪಕ್ಕದ ಹಲಗೆಗಳ ಕೆಳಂಚು ಸವೆದಿರಲೇಬೇಕು, ಹಿಂಬದಿಯಲ್ಲಿ ಇನ್ನೂ ಹೆಚ್ಚು. ಅದಕ್ಕೆ ಸರಿಯಾಗಿ ಬೀರಿನ ಒಳಗೆ ಡ್ರಾಯರ್ ಜಾರುವ ಓಡುಪಟ್ಟಿಯಲ್ಲೂ ಗಾಡಿ ಹೋದ ದಾರಿಯಂತೆ ಜಾಡು ಬಿದ್ದಿರಬೇಕು. ಒಂದು ಕಡೆ ಸವೆದು ಇನ್ನೊಂದು ಕಡೆ ಚೂಪಾಗಿದ್ದರೆ ಏನೋ ಬದಲಾಗಿದೆ. ಓಡುಪಟ್ಟಿ ಬದಲಾಯಿಸುವುದು ಮಾಮೂಲಿ ರಿಪೇರಿ, ಅದರಿಂದ ಬೆಲೆ ಹೆಚ್ಚೇನೂ ಬೀಳುವುದಿಲ್ಲ.

ನಾಲ್ಕನೆಯದು ಬಣ್ಣ. ಗಾಳಿ ತಾಗಿದ ಮರ ತಾನಾಗಿ ಕಪ್ಪಾಗುತ್ತದೆ, ಗಾಳಿ ತಾಗದ್ದು ತಿಳಿಯಾಗೇ ಉಳಿಯುತ್ತದೆ. ಅಸಲಿ ಡ್ರಾಯರಿನ ಕೆಳಮೈ ಒಂದೇ ಬಣ್ಣ ಇರುವುದಿಲ್ಲ, ಪಟ್ಟಿಗಳು ಮುಚ್ಚಿಕೊಂಡಿದ್ದ ಕಡೆ ತಿಳಿ ಗುರುತು ಉಳಿದಿರುತ್ತದೆ. ಮೂಲೆಯಿಂದ ಮೂಲೆಗೆ ಒಂದೇ ಸಮ ಕಂದು ಬಣ್ಣ ಇದ್ದರೆ ಯಾರೋ ಬಟ್ಟೆಯಲ್ಲಿ ಬಣ್ಣ ಒರೆಸಿದ್ದಾರೆ. ಹಳೆಯ ಬಡಗಿ ಡ್ರಾಯರಿನ ಅಡಿಗೆ ಬಣ್ಣ ಬಳಿಯುವ ಗೋಜಿಗೆ ಹೋಗುತ್ತಿರಲಿಲ್ಲ.

ಕೊನೆಗೆ ಮುಂದಿನ ಹಲಗೆಯ ಒಳಮೈ. ಹಿಡಿಕೆಗಳನ್ನು ಮನೆಯವರು ಕಾಲಕಾಲಕ್ಕೆ ಬದಲಾಯಿಸುತ್ತಲೇ ಬಂದಿರುತ್ತಾರೆ, ಅದು ಸಹಜ. ಹಾಗಾಗಿ ಒಳಗಡೆ ಮುಚ್ಚಿದ ಹಳೇ ತೂತುಗಳು ಸಿಗುತ್ತವೆ. ಅವುಗಳ ಜಾಗ ಅಳೆದುಕೊಂಡು ಹೊರಮೈಯಲ್ಲಿ ಅದೇ ಜಾಗ ನೋಡಿ. ಹೊರಗೂ ತೇಪೆ ಇದ್ದರೆ ಸರಿ. ಒಳಗೆ ತೂತು, ಹೊರಗೆ ನುಣ್ಣಗೆ ಅಖಂಡ ವೆನೀರು ಅಂದರೆ ಮುಖಕ್ಕೆ ಆಮೇಲೆ ವೆನೀರು ಹೊದಿಸಿದ್ದಾರೆ. ಸಾದಾ ಬೀರಿಗೆ ಇನ್ಲೇ ಚಿತ್ರ ಹೊದಿಸಿ ಹತ್ತು ಪಟ್ಟು ಬೆಲೆ ಹೇಳುವ ಕೈಚಳಕ ಹೊರಬೀಳುವುದು ಇಲ್ಲಿ.

ಇಷ್ಟನ್ನೂ ಒಂದು ಡ್ರಾಯರಿಗೆ ಮಾಡಿ ಬಿಡಬೇಡಿ. ಎಲ್ಲವನ್ನೂ ಹೊರಗೆ ತೆಗೆದು ಅಕ್ಕಪಕ್ಕ ಇಡಿ. ಮರ, ಹಲ್ಲಿನ ಕೊಯ್ತ, ಹಲಗೆಯ ದಪ್ಪ ಹೊಂದಬೇಕು. ಎರಡು ಮುರುಕು ಬೀರು ಸೇರಿಸಿ ಒಂದು ಮಾಡಿದ್ದನ್ನು ಹಳೇ ಸಾಮಾನಿನ ವ್ಯಾಪಾರದಲ್ಲಿ 'ಮದುವೆ' ಅನ್ನುತ್ತಾರೆ.

ಹಂತ 5: ಗೋಡೆಯಿಂದ ಈಚೆಗೆ ಎಳೆಸಿ

ಬೆನ್ನಿಗೆ ಯಾರೂ ಅಲಂಕಾರ ಮಾಡುತ್ತಿರಲಿಲ್ಲ. ಒರಟು ಹಲಗೆಗಳು, ನಡುವೆ ಸಂದು, ಅಲ್ಲಲ್ಲಿ ಸೀಳು. ಇದೇ ಒಳ್ಳೆಯ ಲಕ್ಷಣ. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ನಗಣ್ಯ. ಮರದ ದುಂಡು ಗುಬುಟಿನ ಹಿಡಿಕೆ ಇದ್ದರೆ ಎರಡು ದಿಕ್ಕಿನಿಂದ ಅಳೆಯಿರಿ. ನೂರಾರು ವರ್ಷದ್ದಾದರೆ ಸ್ವಲ್ಪ ಮೊಟ್ಟೆಯಾಕಾರ ಆಗಿರುತ್ತದೆ.

ಮೊಳೆ, ಸ್ಕ್ರೂಗಳೂ ಸಾಕ್ಷಿ ಹೇಳುತ್ತವೆ. ಕಮ್ಮಾರ ಬಡಿದ ಮೊಳೆಯ ತಲೆ ಅಂಕುಡೊಂಕು, ಮೈ ಚೌಕ. ಗುಂಡಗಿನ ತಂತಿ ಮೊಳೆ 1800ರ ದಶಕಗಳ ಕೊನೆಯದು. ಕೈಯಲ್ಲಿ ಮಾಡಿದ ಸ್ಕ್ರೂಗೆ ತುದಿ ಮೊಂಡು, ತಲೆಯ ಸೀಳು ನಡುಮಧ್ಯ ಇರುವುದಿಲ್ಲ. ಚೂಪು ತುದಿಯ ಸ್ಕ್ರೂ ಸುಮಾರು 1850ರ ಈಚೆಯದು. ಪ್ಲಸ್ ಗುರುತಿನ ಸ್ಕ್ರೂ 1930ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಒಂದು ಹೊಸ ಸ್ಕ್ರೂ ಕಂಡರೆ ರಿಪೇರಿ ಅನ್ನಿ. ಬೀರನ್ನು ಹಿಡಿದು ನಿಲ್ಲಿಸಿರುವುದೆಲ್ಲ ಹೊಸ ಸ್ಕ್ರೂಗಳೇ ಆದರೆ ಮಾತು ಬೇರೆ.

ಬೀಗವನ್ನೂ ನೋಡಿ. ಬೀಗದ ಕಬ್ಬಿಣ ಮರಕ್ಕೆ ತಾಗಿದ ಕಡೆ ಕಪ್ಪು ಕಲೆ ಇಳಿದಿರುತ್ತದೆ. ಬೀಗಕ್ಕಿಂತ ಕಲೆ ಅಥವಾ ಗುಳಿ ದೊಡ್ಡದಿದ್ದರೆ ಅಲ್ಲಿ ಮೊದಲು ಬೇರೆ ಬೀಗ ಇತ್ತು.

ಹಂತ 6: ಹುಳುವಿನ ತೂತು

ಕುಟ್ಟೆ ಹಿಡಿದ ಮರ ಅಂದರೆ ಹಳೆಯದು ಅನ್ನುವ ನಂಬಿಕೆ ಇದೆ. ಅರ್ಧ ಸತ್ಯ. ಹುಳು ಹೊರಗೆ ಬರುವಾಗ ಮಾಡುವ ತೂತು ದುಂಡಗೆ, ಒಂದೆರಡು ಮಿಲಿಮೀಟರ್. ಒಳಗಿನ ಸುರಂಗ ಮಾತ್ರ ಅಡ್ಡಾದಿಡ್ಡಿ ಓಡುತ್ತದೆ. ಮೇಲ್ಮೈಯಲ್ಲೇ ಸುರಂಗ ಬಾಯ್ತೆರೆದು ಕಾಲುವೆಯಂತೆ ಕಂಡರೆ, ಹುಳು ತಿಂದ ಹಳೇ ತೊಲೆಯನ್ನು ಆಮೇಲೆ ಸೀಳಿ ಹಲಗೆ ಮಾಡಿದ್ದಾರೆ ಅಂತ ಅರ್ಥ. ಮರ ಹಳೆಯದು, ಬೀರು ಹೊಸದು. ತೂತಿನ ಒಳಗೆ ಸಣ್ಣ ತಂತಿ ತೂರಿಸಿ, ನೇರವಾಗಿ ಸರ್ರನೆ ಹೋದರೆ ಅದು ಡ್ರಿಲ್ಲಿನ ಕೆಲಸ.

ತೂತಿನ ಕೆಳಗೆ ತಿಳಿ ಬಣ್ಣದ ತಾಜಾ ಪುಡಿ ಉದುರಿದ್ದರೆ ಹುಳು ಇನ್ನೂ ಬದುಕಿದೆ. ಔಷಧಿ ಹೊಡೆಸದೆ ಮನೆಗೆ ತರಬೇಡಿ, ಉಳಿದ ಪೀಠೋಪಕರಣಗಳಿಗೂ ಹತ್ತುತ್ತದೆ.

ಹಂತ 7: ಪಾಲಿಶ್

ಬರೋಕ್ ಕಾಲದ ಅಕ್ರೋಟಕ್ಕೆ ಬಹುಮಟ್ಟಿಗೆ ಎಣ್ಣೆ, ಜೇನುಮೇಣ. 1800ರ ದಶಕಗಳಿಂದ ಅರಗಿನ ಪಾಲಿಶ್ ಹರಡಿತು, ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್ ಅನ್ನುವುದು ಇದನ್ನೇ. ಅರಗಿನ ದೊಡ್ಡ ತವರು ನಮ್ಮ ದೇಶವೇ. ಕತ್ತಲಲ್ಲಿ ಯುವಿ ಟಾರ್ಚು ಬಿಟ್ಟರೆ ಅರಗು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಒಂದು ಡ್ರಾಯರ್ ಮಾತ್ರ ಬೇರೆ ಬಣ್ಣಕ್ಕೆ ಹೊಳೆದರೆ ಯಾಕೆ ಅಂತ ಕೇಳಿ. ಆದರೆ ಹಳೇ ಬೀರಿಗೆ ಹೊಸ ಪಾಲಿಶ್ ಹೊಡೆಸುವುದು ಮಾಮೂಲಿ. ಪಾಲಿಶ್ ನೋಡಿ ವಯಸ್ಸು ತೀರ್ಮಾನಿಸಬೇಡಿ.

ಹಂತ 8: ದುಡ್ಡು ಕೊಡುವ ಮುನ್ನ

ರಸೀದಿಯಲ್ಲಿ ಎರಡು ಇಟಾಲಿಯನ್ ಪದ ಹುಡುಕಿ. 'ಎಪೊಕಾ' ಅಂದರೆ ಆ ಕಾಲದ್ದೇ. 'ಇನ್ ಸ್ತೀಲೆ' ಅಂದರೆ ಆ ಶೈಲಿಯದ್ದು, ಕಾಲ ಬೇರೆ. ಬಾಯಲ್ಲಿ ಮೊದಲನೆಯದು ಹೇಳಿ ಚೀಟಿಯಲ್ಲಿ ಎರಡನೆಯದು ಬರೆಯುವವರಿದ್ದಾರೆ. ಕಾಲ, ಊರು, ಮರ, ಆಗಿರುವ ರಿಪೇರಿ, ನಾಲ್ಕನ್ನೂ ಫೋಟೊ ಸಮೇತ ಬರಹದಲ್ಲಿ ಕೇಳಿ.

ಇಟಲಿಯಿಂದ ಆಚೆ ಸಾಗಿಸುವುದಾದರೆ ಕಾನೂನು ಇದೆ. 70 ವರ್ಷ ದಾಟಿದ ವಸ್ತುವಿಗೆ ರಫ್ತು ಕಚೇರಿಯ ಅನುಮತಿ ಬೇಕು. ಬೆಲೆ 13,500 ಯೂರೊ ಒಳಗಿದ್ದರೆ ಸಾಮಾನ್ಯವಾಗಿ ಸ್ವಯಂ ಘೋಷಣೆಯಲ್ಲಿ ಮುಗಿಯುತ್ತದೆ. ಈ ಕಾಗದಪತ್ರ ಯಾರ ಹೊಣೆ ಅಂತ ಮೊದಲೇ ಮಾತಾಡಿಕೊಳ್ಳಿ. ದಂತ, ಆಮೆ ಚಿಪ್ಪು ಇರುವ ಬೀರಿಗೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದ ಅಡ್ಡ ಬರುತ್ತದೆ. ಜಿನೋವಾ ಬೀರುಗಳ ರೋಸ್‌ವುಡ್ ವೆನೀರೂ ನಮ್ಮ ಬೀಟೆಯೂ ಡಾಲ್ಬರ್ಜಿಯಾ ಕುಲದವು, ಆ ಕುಲವೂ ಸೈಟಿಸ್ ಪಟ್ಟಿಯಲ್ಲಿದೆ. ಭಾರತಕ್ಕೆ ತರುವವರು ಕಸ್ಟಮ್ಸ್ ಏಜೆಂಟರ ಹತ್ತಿರ ಮೊದಲೇ ವಿಚಾರಿಸುವುದು ಜಾಣತನ. ನೂರು ವರ್ಷ ದಾಟಿದ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ 9706 ಅನ್ನುವ ಪ್ರತ್ಯೇಕ ಸಂಖ್ಯೆ ಇದೆ, ಆದರೆ ವಯಸ್ಸಿಗೆ ದಾಖಲೆ ತೋರಿಸಬೇಕು.

ಹಂತ 9: ಮನೆಗೆ ಬಂದ ಮೇಲೆ

ಗಾಳಿಯ ತೇವಾಂಶ ಶೇ 45ರಿಂದ 60ರ ನಡುವೆ ಇದ್ದರೆ ಬೀರು ನೆಮ್ಮದಿಯಾಗಿರುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ವೆನೀರು ಏಳಬಹುದು, ಮಂಗಳೂರಿನ ಮಳೆಗಾಲಕ್ಕೆ ಡ್ರಾಯರ್ ಉಬ್ಬಿ ಸಿಕ್ಕಿಕೊಳ್ಳಬಹುದು. ಎಸಿ ಎದುರು, ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡಿ. ಡ್ರಾಯರ್ ಬಿಗಿಯಾದರೆ ತಕ್ಷಣ ಕೀಸುಳಿ ಹಿಡಿಯಬೇಡಿ. ಓಡುಪಟ್ಟಿಗೆ ಮೇಣದಬತ್ತಿ ಉಜ್ಜಿ, ಮಳೆಗಾಲ ಮುಗಿಯುವವರೆಗೆ ಕಾಯಿರಿ.

ಎದ್ದ ವೆನೀರಿಗೆ ಫೆವಿಕಾಲ್ ಥರದ ಬಿಳಿ ಅಂಟು ಹಾಕಿಸಬೇಡಿ. ಮೂಲದಲ್ಲಿ ಬಳಸಿರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಮರವಜ್ರ. ಬಿಸಿ, ತೇವ ತಾಗಿಸಿದರೆ ಅದು ಬಿಡುತ್ತದೆ, ಮುಂದೆ ಯಾರಾದರೂ ಬಿಚ್ಚಿ ಸರಿಮಾಡಬಹುದು. ಬಿಳಿ ಅಂಟನ್ನು ಹಾಗೆ ಸುಲಭಕ್ಕೆ ಬಿಚ್ಚಲಾಗುವುದಿಲ್ಲ. ಹೊಳಪಿಗೆ ವರ್ಷಕ್ಕೊಂದೆರಡು ಸಲ ತೆಳ್ಳಗೆ ಜೇನುಮೇಣ ಸಾಕು. ಸಿಲಿಕೋನ್ ಇರುವ ಸ್ಪ್ರೇ ಮುಟ್ಟಿಸಬೇಡಿ, ಆಮೇಲೆ ಪಾಲಿಶ್ ಹತ್ತುವುದಿಲ್ಲ.

ಜಾಗ ಬದಲಾಯಿಸುವಾಗ ಮೊದಲು ಡ್ರಾಯರುಗಳನ್ನು ತೆಗೆದು, ಹಿಂಭಾಗದಲ್ಲಿ ಸೀಮೆಸುಣ್ಣದಿಂದ 1, 2, 3 ಅಂತ ಗುರುತು ಹಾಕಿ. ಕೈಯಲ್ಲಿ ಮಾಡಿದ ಡ್ರಾಯರ್ ತನ್ನ ಜಾಗ ಬಿಟ್ಟು ಬೇರೆ ಕಡೆ ಸರಿಯಾಗಿ ಕೂರುವುದಿಲ್ಲ. ಮೇಲೆ ಅಮೃತಶಿಲೆ ಇದ್ದರೆ ಅದನ್ನು ಬೇರೆಯಾಗಿ, ಬಾಗಿಲಿನ ಹಾಗೆ ನಿಲ್ಲಿಸಿಕೊಂಡೇ ಇಬ್ಬರು ಹೊರಬೇಕು. ಅಡ್ಡ ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿಯುತ್ತದೆ. ಬೀರನ್ನು ಎತ್ತುವಾಗ ಕೈ ಹಾಕಬೇಕಾದ್ದು ಮೇಲ್ಹಲಗೆಯ ಅಂಚಿಗಲ್ಲ, ತಳದ ಚೌಕಟ್ಟಿಗೆ.